ಟೇಲ್‌ಲ್ಯಾಂಪ್‌ನಿಂದ ಹಿಂದಿನ ಗಾಡಿಗೆ ಡೇಟಾ: ಬಿಸಿಲಲ್ಲಿ ಯಾಕೆ ಬರ್ತಿಲ್ಲ?

ಇಸಿ ಫೈನಲ್ ಇಯರ್:
ಎಲ್ರಿಗೂ ನಮಸ್ಕಾರ. ಮುಂದಿನ ಕಾರು ಬ್ರೇಕ್ ಹಾಕಿದ ತಕ್ಷಣ ಅದರ ಎಲ್‌ಇಡಿ ಲ್ಯಾಂಪು ಕಣ್ಣಿಗೆ ಕಾಣದಷ್ಟು ಸ್ಪೀಡಾಗಿ ಮಿನುಗಿ ಹಿಂದಿನ ಗಾಡಿಗೆ ಮೆಸೇಜ್ ಕೊಡ್ಬೇಕು, ಅದೇ ನಮ್ಮ ಪ್ರಾಜೆಕ್ಟು. ಲ್ಯಾಬಲ್ಲಿ ಸೂಪರಾಗಿ ಬರುತ್ತೆ, ಬಿಸಿಲಿಗೆ ತಂದ್ರೆ ಫೋಟೋಡಯೋಡ್ (ಬೆಳಕನ್ನ ಕರೆಂಟಾಗಿ ಬದಲಾಯಿಸೋ ಸೆನ್ಸರ್) ಏನೂ ಓದಲ್ಲ. ಏನ್ಮಾಡೋದು?

ಸರ್ಕ್ಯೂಟ್ ಶೆಟ್ರು:
ನಿಮ್ಮ ಆಂಪ್ಲಿಫೈಯರ್ ಸ್ಯಾಚುರೇಟ್ ಆಗ್ತಿರ್ಬೇಕು, ಅಂದ್ರೆ ಬಿಸಿಲಿಗೇ ಅದರ ಮಿತಿ ಮುಟ್ಟಿಬಿಡ್ತಿರ್ಬೇಕು, ಹಾಗಾದ್ಮೇಲೆ ಸಾಫ್ಟ್‌ವೇರಲ್ಲಿ ಏನ್ ಮಾಡಿದ್ರೂ ಸಿಗ್ನಲ್ ವಾಪಸ್ ಬರಲ್ಲ. ಮೊದ್ಲು ಕೆಂಪು ಬೆಳಕಷ್ಟೇ ಬಿಡೋ ಆಪ್ಟಿಕಲ್ ಫಿಲ್ಟರ್ ಹಾಕಿ, ಲೆನ್ಸ್ ಇಟ್ಟು ನೋಡೋ ಕೋನ ಚಿಕ್ಕದು ಮಾಡಿ, ಬಿಸಿಲು ಹೆಚ್ಚುಕಮ್ಮಿ ಡಿಸಿ (ಏರಿಳಿತ ಇಲ್ಲದ ಸಿಗ್ನಲ್) ಇದ್ದಹಾಗೆ ಅಲ್ವಾ, ಅದನ್ನ ಮೊದಲ ಸ್ಟೇಜಲ್ಲೇ ಕಳೆದುಬಿಡಿ, ಡೇಟಾಗೆ ಮ್ಯಾಂಚೆಸ್ಟರ್ ಕೋಡಿಂಗ್ (ಪ್ರತಿ ಬಿಟ್ಟಿನ ಮಧ್ಯದಲ್ಲೂ ಸಿಗ್ನಲ್ ಬದಲಾಗೋ ಕೋಡ್) ಬಳಸಿ. ಬೆಳಕಿನ ಕಮ್ಯುನಿಕೇಶನ್‌ಗೆ ಅಂತಲೇ 2011ರಲ್ಲಿ ಬಂದ ಐಇಇಇ 802.15.7 ಸ್ಟ್ಯಾಂಡರ್ಡ್ ಓದಿ, ಅದರಲ್ಲಿ ಔಟ್‌ಡೋರ್‌ಗೆ ಅಂತ ಇರೋ ಮೋಡ್‌ನಲ್ಲೂ ಮ್ಯಾಂಚೆಸ್ಟರ್ ಇದೆ.

ಪಿಕ್ಸೆಲ್ ಅಕ್ಕ:
ನಂಗಂತೂ ಫೋಟೋಡಯೋಡ್ ಬದಲು ಕ್ಯಾಮೆರಾನೇ ಇಷ್ಟ. ಸೂರ್ಯ ಒಂದು ಪಿಕ್ಸೆಲ್ ಮೇಲೆ ಬಿದ್ರೆ ಲ್ಯಾಂಪು ಇನ್ನೊಂದರ ಮೇಲೆ ಬೀಳುತ್ತೆ, ಪಕ್ಕದ ಲೇನಿನ ಕಾರನ್ನೂ ಬೇರೆ ಮಾಡಬಹುದು. ಜಪಾನಿನ ನಗೋಯಾ ಯೂನಿವರ್ಸಿಟಿಯವರು ಹೈಸ್ಪೀಡ್ ಕ್ಯಾಮೆರಾ ಇಟ್ಟು ಇದರ ಮೇಲೆ ತುಂಬಾ ಕೆಲಸ ಮಾಡಿದಾರೆ. ಸೆಕೆಂಡಿಗೆ 30 ಫ್ರೇಮಿನ ಮಾಮೂಲಿ ಕ್ಯಾಮೆರಾಗೆ ಡೇಟಾ ಕಮ್ಮಿನೇ.

ಘಾಟಿ ರೋಡ್:
ಮಧ್ಯ ಲಾರಿ ಬಂದ್ರೆ?

ಸರ್ಕ್ಯೂಟ್ ಶೆಟ್ರು:
ಲಿಂಕ್ ಕಟ್ ಆಗುತ್ತೆ ಸರ್. ತಿರುವಲ್ಲೂ ಅಷ್ಟೇ, ದಟ್ಟ ಮಂಜಲ್ಲೂ ಕಷ್ಟ. ಅದಕ್ಕೇ ಗಾಡಿಯಿಂದ ಗಾಡಿಗೆ ಮೆಸೇಜ್ ಕಳಿಸೋ 5.9 ಗಿಗಾಹರ್ಟ್ಸ್ ರೇಡಿಯೋ ಜೊತೆಗಿರ್ಲಿ, ಬ್ರೇಕಿನ ವಿಷಯ ಬೆಳಕೊಂದರ ಮೇಲೇ ಬಿಡಬೇಡಿ.