ಸಹಾಯ ಬೇಕು: ಆರ್‌ಎಸ್-44 ಹ್ಯಾಮ್ ಉಪಗ್ರಹ, 5 ವ್ಯಾಟ್, ಪಿಟಿಟಿ (ಪ್ರಸಾರದ ಗುಂಡಿ) ಒತ್ತಿದರೆ ರಿಸೀವರ್ ಕಿವುಡು

ಹ್ಯಾಮ್ ಮಿತ್ರರೇ, ಅಪ್‌ಲಿಂಕ್ 145.965 ಮೆಗಾಹರ್ಟ್ಸ್ ಎಲ್‌ಎಸ್‌ಬಿ (ಕೆಳ ಸೈಡ್‌ಬ್ಯಾಂಡ್), ಡೌನ್‌ಲಿಂಕ್ 435.640 ಯುಎಸ್‌ಬಿ (ಮೇಲಿನ ಸೈಡ್‌ಬ್ಯಾಂಡ್), ಡಾಪ್ಲರ್ ಬಿಟ್ಟು. ಕೈಯಲ್ಲಿ ಹಿಡಿಯುವ ಯಾಗಿ ಆಂಟೆನಾ, 2 ಮೀಟರ್‌ಗೆ 3 ಎಲಿಮೆಂಟ್, 70 ಸೆಂ.ಮೀ.ಗೆ 7. ಒಂದೇ ಬೂಮ್.

435.605ರಲ್ಲಿ ಉಪಗ್ರಹದ ಬೀಕನ್ (ಗುರುತಿನ ಸಿಗ್ನಲ್) ಚೆನ್ನಾಗಿ ಕೇಳುತ್ತದೆ. ಪಿಟಿಟಿ ಒತ್ತಿದ ತಕ್ಷಣ ಎಸ್‌ಡಿಆರ್ ಡಾಂಗಲ್‌ನಲ್ಲಿ (ಕಂಪ್ಯೂಟರ್‌ಗೆ ಸಿಕ್ಕಿಸುವ ರಿಸೀವರ್) ಬೀಕನ್ ಮಾಯ. 1 ವ್ಯಾಟ್‌ಗೆ ಇಳಿಸಿದರೆ ಮತ್ತೆ ಬರುತ್ತದೆ. ಅಂದರೆ ಡಾಂಗಲ್‌ನ ಮುಂಭಾಗ 145ರಿಂದ ಓವರ್‌ಲೋಡ್ ಆಗುತ್ತಿದೆ. ಆದ್ದರಿಂದ "ಪವರ್ ಏರಿಸಿ" ಎನ್ನುವ ಸಲಹೆ ದಯವಿಟ್ಟು ಬೇಡ, ಇನ್ನೂ ಕೆಡುತ್ತದೆ. ಗೇನ್ ತಗ್ಗಿಸಿದರೆ ಉಪಗ್ರಹದ ಸಿಗ್ನಲ್ಲೂ ಹೋಗುತ್ತದೆ.

145ಕ್ಕೆ ಕತ್ತರಿಸಿದ ಕಾಲು ತರಂಗದ ಓಪನ್ ಕೋಆಕ್ಸ್ ಸ್ಟಬ್ (ತುದಿ ತೆರೆದಿಟ್ಟ ಕೇಬಲ್ ತುಂಡು) ಇಲ್ಲಿ ನಡೆಯದು: 435 ಸರಿಸುಮಾರು ಅದರ ಮೂರು ಪಟ್ಟು, ಅದನ್ನೂ ಕೊಲ್ಲುತ್ತದೆ.

145ನ್ನು 40 ಡಿಬಿ ತಡೆದು, 435ರಲ್ಲಿ 1 ಡಿಬಿಗಿಂತ ಕಡಿಮೆ ನಷ್ಟ ಕೊಡುವ ಹೈಪಾಸ್ ಫಿಲ್ಟರ್ ಯಾರಾದರೂ ಮನೆಯಲ್ಲೇ ಕಟ್ಟಿದ್ದೀರಾ? ಕೆಪಾಸಿಟರ್ ಮೌಲ್ಯಗಳು, ಕಾಯಿಲ್ ಸುತ್ತು, ತಂತಿಯ ದಪ್ಪ ತಿಳಿಸಿ.