ಪದಚರ್ಚೆ: ಪ್ರಜ್ಞೆ, ಎಚ್ಚರ, ಅರಿವು, ಖಬರ, ಜೊತೆಗೆ ‘ರಿಫ್ಲೆಕ್ಸ್’ಗೆ ಒಪ್ಪುವ ಪದ ಯಾವುದು?

ಮಾನ್ಯರೆ,

ತೀವ್ರ ನಿಗಾ ಘಟಕದ ಹೊರಗೆ ಕಾಯುತ್ತ ಕುಳಿತಿರುವ ರೋಗಿಯ ಮನೆಯವರಿಗಾಗಿ ಒಂದು ಚಿಕ್ಕ ಕನ್ನಡ ಕೈಪಿಡಿಯನ್ನು ಸಿದ್ಧಪಡಿಸುವ ಕೆಲಸದಲ್ಲಿ ಧಾರವಾಡದ ನಾವು ಕೆಲವರು ತೊಡಗಿದ್ದೇವೆ. ತಲೆಗೆ ಪೆಟ್ಟು ಬಿದ್ದು, ಪಾರ್ಶ್ವವಾಯು ಬಡಿದು, ಇಲ್ಲವೆ ಹೃದಯ ಕೆಲಹೊತ್ತು ನಿಂತು ಮಿದುಳಿಗೆ ಆಮ್ಲಜನಕ ಸಿಗದೆ ಮಲಗಿದವರ ಸ್ಥಿತಿಯನ್ನು ವಿವರಿಸಬೇಕಾದ ಈ ಪುಟಗಳಲ್ಲಿ ನಮ್ಮನ್ನು ತಡೆದು ನಿಲ್ಲಿಸಿರುವುದು ಮುಖ್ಯವಾಗಿ ಎರಡು ಪದಗಳು: ಎಲ್ಲರೂ ಬಳಸುವ ‘ಪ್ರಜ್ಞೆ’ ಮತ್ತು ಮುಟ್ಟಿದಾಗ, ತಟ್ಟಿದಾಗ ದೇಹ ತನ್ನಿಂತಾನೇ ತೋರುವ ಚಲನೆಯಾದ ‘ರಿಫ್ಲೆಕ್ಸ್’ಗೆ ನಾವು ಬಳಸಬೇಕಾದ ಕನ್ನಡ ಪದ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಆಡುಮಾತನ್ನು ಬಲ್ಲವರ ಅಭಿಪ್ರಾಯ ನಮಗೆ ಬೇಕಾಗಿದೆ.

‘ಪ್ರಜ್ಞೆ ತಪ್ಪಿದೆ’, ‘ಪ್ರಜ್ಞೆ ಬಂದಿದೆ’ ಎಂದು ಬರೆದರೆ ಸಾಲದೇ ಎಂದು ಮೊದಲು ನಮಗೂ ಅನ್ನಿಸಿತ್ತು. ಆದರೆ ನರವೈದ್ಯರು ಈ ಒಂದು ಪದದೊಳಗೆ ಎರಡು ಬೇರೆ ಸಂಗತಿಗಳನ್ನು ನೋಡುತ್ತಾರೆ. ಕಣ್ಣು ತೆರೆದು ಎಚ್ಚರವಾಗಿರುವುದು ಒಂದು. ತಾನು ಯಾರು, ಎಲ್ಲಿದ್ದೇನೆ, ಎದುರಿಗಿರುವವರು ಯಾರು ಎಂಬುದು ತಿಳಿಯುವುದು ಇನ್ನೊಂದು. ಮೊದಲನೆಯದನ್ನು ಕಾಯುವುದು ಮಿದುಳನ್ನು ಬೆನ್ನುಹುರಿಗೆ ಜೋಡಿಸುವ ಮಿದುಳುಕಾಂಡದಿಂದ ಮೇಲಕ್ಕೆ ಹಬ್ಬಿರುವ ನರಜಾಲ ಎಂಬುದನ್ನು 1949ರಲ್ಲಿ ಮೊರುಜ್ಜಿ ಮತ್ತು ಮಾಗೌನ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಎರಡನೆಯದಕ್ಕೆ ಮಿದುಳಿನ ಹೊರಪದರವೂ ಒಳಗಿನ ಥಲಾಮಸ್ ಎಂಬ ಭಾಗವೂ ಕೂಡಿ ಕೆಲಸ ಮಾಡಬೇಕಾಗುತ್ತದೆ. ಕಾಂಡ ಉಳಿದು ಮೇಲಿನ ಭಾಗ ಹಾಳಾದಾಗ ಎಚ್ಚರ ಮರಳುತ್ತದೆ, ಅರಿವು ಮರಳುವುದಿಲ್ಲ. ಈ ಸ್ಥಿತಿಯನ್ನು ‘ಪ್ರಜ್ಞೆ ಬಂದಿದೆ’ ಎಂದರೂ ತಪ್ಪು, ‘ಪ್ರಜ್ಞೆ ಬಂದಿಲ್ಲ’ ಎಂದರೂ ತೆರೆದ ಕಣ್ಣನ್ನು ನೋಡುತ್ತಿರುವ ಮನೆಯವರು ನಂಬುವುದಿಲ್ಲ. ಮೇಲಾಗಿ ‘ಪ್ರಜ್ಞೆ’ ಎಂಬ ಪದದ ಮೇಲೆ ಬೇರೆ ಭಾರಗಳೂ ಇವೆ: ಗೀತೆಯ ಸ್ಥಿತಪ್ರಜ್ಞ, ಪತ್ರಿಕೆಗಳ ಪ್ರಜ್ಞಾವಂತ ನಾಗರಿಕ, ವಿಮರ್ಶಕರ ಸಾಮಾಜಿಕ ಪ್ರಜ್ಞೆ. ಮಾಂಡೂಕ್ಯ ಉಪನಿಷತ್ತಿನಲ್ಲಂತೂ ಗಾಢನಿದ್ರೆಯ ಸ್ಥಿತಿಗೇ ‘ಪ್ರಾಜ್ಞ’ ಎಂಬ ಹೆಸರಿದೆ.

ಈ ವ್ಯತ್ಯಾಸವನ್ನು ನಮ್ಮ ಕಡೆಯ ಜನ ಪುಸ್ತಕದ ನೆರವಿಲ್ಲದೆಯೇ ಮಾಡುತ್ತಾರೆ ಎಂಬುದು ನನ್ನ ನಂಬಿಕೆ. “ಕಣ್ಣ ತಗದಾಳ್ರೀ, ಆದ್ರ ಖಬರ ಇಲ್ಲ” ಎಂಬ ಮಾತು ಹುಬ್ಬಳ್ಳಿಯ ಯಾವ ಆಸ್ಪತ್ರೆಯ ಪಡಸಾಲೆಯಲ್ಲಿಯೂ ಕೇಳಿಬರುವಂಥದು. ನರವೈದ್ಯರು ಎರಡು ಪದಗಳಲ್ಲಿ ಬೇರ್ಪಡಿಸಿ ಹೇಳುವುದೆಲ್ಲವೂ ಆ ಒಂದು ವಾಕ್ಯದಲ್ಲಿದೆ. ಸುದ್ದಿ ಎಂಬ ಅರ್ಥದ ಅರಬಿ ಪದವೇ ಉರ್ದು, ಮರಾಠಿಗಳ ಒಡನಾಟದಿಂದ ನಮ್ಮಲ್ಲಿ ‘ಖಬರ’ ಆಗಿ, ತನ್ನ ಮತ್ತು ಸುತ್ತಲಿನ ತಿಳಿವಳಿಕೆ ಎಂಬ ಅರ್ಥಕ್ಕೆ ಬಂದು ನಿಂತಿದೆ. ‘ಖಬರಗೇಡಿ’ ಎಂದು ಬೈಯುವಾಗಲೂ ನಿದ್ದೆಯ ಮಾತು ಅಲ್ಲಿಲ್ಲ, ತಿಳಿಗೇಡಿತನದ ಮಾತಿದೆ. ಆದರೆ ಮೈಸೂರು ಕಡೆಯ ಓದುಗರಿಗೆ ‘ಖಬರ’ ತಲುಪೀತೇ ಎಂಬ ಸಂದೇಹದಿಂದ ‘ಎಚ್ಚರ’ ಮತ್ತು ‘ಅರಿವು’ ಎಂಬ ಜೋಡಿಯನ್ನು ಬಳಸಬೇಕೆಂದು ನಾನು ಸೂಚಿಸಿದ್ದೇನೆ. ವಚನಕಾರರ ಅರಿವು-ಮರೆವುಗಳ ಮಾತನ್ನು ಕೇಳಿ ಬೆಳೆದವರಿಗೆ ‘ಅರಿವು’ ಅಪರಿಚಿತವಲ್ಲ. ಒಬ್ಬ ಸಂಗಾತಿಯ ಆಕ್ಷೇಪವೂ ಇದೇ ಕಾರಣಕ್ಕೆ ಹುಟ್ಟಿದೆ: ಶರಣರ ಅರಿವು ಬಹು ಎತ್ತರದ್ದು, ತನ್ನ ಹೆಸರು ಕರೆದರೆ ತಿರುಗಿ ನೋಡುವಷ್ಟು ತಿಳಿವಿಗೆ ಅದನ್ನು ಬಳಸಬಹುದೇ ಎಂದು ಅವರು ಕೇಳುತ್ತಾರೆ. ಬಳಸಬಹುದು ಎಂಬುದು ನನ್ನ ನಿಲುವು. ‘ನನ್ನ ಅರಿವಿಗೆ ಬರಲಿಲ್ಲ’ ಎಂದು ನಿತ್ಯವೂ ಹೇಳುತ್ತೇವಲ್ಲ.

ಪದ ಸಡಿಲಾದಾಗ ಏನಾಗುತ್ತದೆ ಎಂಬುದಕ್ಕೆ ಅರುಣಾ ಶಾನಭಾಗರ ಪ್ರಕರಣವೇ ಸಾಕ್ಷಿ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ದಾದಿಯಾಗಿದ್ದ ಅವರು 1973ರ ನವೆಂಬರಿನಲ್ಲಿ ನಡೆದ ಹಲ್ಲೆಯ ನಂತರ 2015ರ ಮೇ ತಿಂಗಳವರೆಗೆ ಹಾಸಿಗೆಯಲ್ಲಿದ್ದರು. ‘42 ವರ್ಷ ಕೋಮಾದಲ್ಲಿದ್ದವರು’ ಎಂದೇ ಇಂದಿಗೂ ಬರೆಯಲಾಗುತ್ತದೆ. ಆದರೆ 2011ರಲ್ಲಿ ಸುಪ್ರೀಂ ಕೋರ್ಟು ನೇಮಿಸಿದ್ದ ವೈದ್ಯರ ತಂಡವು ಅವರು ಕೋಮಾದಲ್ಲಿ ಇಲ್ಲವೆಂದೂ, ಇಂಗ್ಲಿಷಿನಲ್ಲಿ ‘ವೆಜಿಟೇಟಿವ್ ಸ್ಟೇಟ್’ ಎನ್ನುವ ಸ್ಥಿತಿಯ ಬಹುತೇಕ ಲಕ್ಷಣಗಳು ಅವರಲ್ಲಿವೆ ಎಂದೂ ಹೇಳಿತ್ತು. ಕೋಮಾದಲ್ಲಿ ಕಣ್ಣು ತೆರೆಯುವುದೇ ಇಲ್ಲ. ಅದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಮುಗಿದು, ರೋಗಿ ಚೇತರಿಸಿಕೊಳ್ಳುತ್ತಾರೆ, ಸಾಯುತ್ತಾರೆ, ಇಲ್ಲವೆ ಕಣ್ತೆರೆದೂ ಅರಿವಿಲ್ಲದ ಆ ಸ್ಥಿತಿಗೆ ಬರುತ್ತಾರೆ. 1972ರಲ್ಲಿ ಜೆನೆಟ್ ಮತ್ತು ಪ್ಲಮ್ ಎಂಬ ವೈದ್ಯರು ಅದಕ್ಕೆ ಕೊಟ್ಟ ‘ವೆಜಿಟೇಟಿವ್ ಸ್ಟೇಟ್’ ಎಂಬ ಹೆಸರನ್ನು ಕನ್ನಡದಲ್ಲಿ ‘ಸಸ್ಯಸ್ಥಿತಿ’ ಎಂದೋ ‘ಜೀವಚ್ಛವ’ ಎಂದೋ ಮಾಡಿರುವುದುಂಟು. ತಾಯಿಯ ಪಕ್ಕದಲ್ಲಿ ಕುಳಿತ ಮಗಳ ಕೈಗೆ ಕೊಡುವ ಹಾಳೆಯಲ್ಲಿ ಈ ಎರಡನ್ನೂ ನಾನು ಬರೆಯಲಾರೆ. 2010ರಲ್ಲಿ ಯುರೋಪಿನ ತಜ್ಞರೂ ಆ ಇಂಗ್ಲಿಷ್ ಹೆಸರನ್ನು ಬಿಟ್ಟು, ಎಚ್ಚರವಿದ್ದೂ ಸ್ಪಂದನೆಯಿಲ್ಲದ ಸ್ಥಿತಿ ಎಂಬ ಅರ್ಥದ ಹೆಸರನ್ನು ಮುಂದಿಟ್ಟರು. ‘ಅರಿವಿಲ್ಲದ ಎಚ್ಚರ’ ಎಂಬುದು ನಮ್ಮ ಕರಡಿನಲ್ಲಿರುವ ಪದ. ಇಲ್ಲಿ ಇನ್ನೊಂದು ಜಾಗರೂಕತೆ ಬೇಕು. 2006ರಲ್ಲಿ ನರವಿಜ್ಞಾನಿ ಏಡ್ರಿಯನ್ ಓವನ್ ಅವರ ತಂಡ ಇದೇ ಸ್ಥಿತಿಯಲ್ಲಿದ್ದ ಯುವತಿಗೆ ಟೆನಿಸ್ ಆಡುವುದನ್ನು ಕಲ್ಪಿಸಿಕೊಳ್ಳಲು ಹೇಳಿದಾಗ ಆಕೆಯ ಮಿದುಳಿನ ಚಟುವಟಿಕೆ ಆರೋಗ್ಯವಂತರಲ್ಲಿರುವಂತೆಯೇ ಸ್ಕ್ಯಾನ್ ಚಿತ್ರದಲ್ಲಿ ಕಂಡಿತು. ಆದ್ದರಿಂದ ವಿವರಣೆಯಲ್ಲಿ ‘ಅರಿವಿಲ್ಲ’ ಎಂದು ಕಡ್ಡಿ ಮುರಿದಂತೆ ಬರೆಯದೆ ‘ಅರಿವಿನ ಗುರುತು ಕಾಣುತ್ತಿಲ್ಲ’ ಎಂದು ಬರೆಯುವುದು ಸತ್ಯಕ್ಕೆ ಹತ್ತಿರ.

ಹಳೆಯ ವೈದ್ಯಗ್ರಂಥಗಳಿಂದ ಪದ ತರಬಹುದೆಂಬ ಸಲಹೆಯೂ ಬಂದಿದೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಪ್ರಜ್ಞೆ ಕೆಡುವುದಕ್ಕೆ ಮದ, ಮೂರ್ಛೆ, ಸಂನ್ಯಾಸ ಎಂಬ ಮೂರು ಹಂತಗಳಿವೆ. ದೋಷದ ವೇಗ ಇಳಿದರೆ ಮೊದಲೆರಡು ತಾವಾಗಿ ಶಮನವಾಗುತ್ತವೆ, ಔಷಧವಿಲ್ಲದೆ ಸಂನ್ಯಾಸ ಇಳಿಯದು ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಎಷ್ಟು ನಿಖರವಾದ ವಿಂಗಡಣೆ! ಆದರೂ ಕೋಮಾಕ್ಕೆ ‘ಸಂನ್ಯಾಸ’ ಎಂದರೆ ಇಂದು ಕಾವಿ ಬಟ್ಟೆಯೇ ಕಣ್ಣಮುಂದೆ ಬರುತ್ತದೆ. ‘ಮೂರ್ಛೆ’ ಎಂದರೆ ನಮ್ಮ ಕಡೆ ಅರ್ಧ ಜನ ಫಿಟ್ಸ್ ಎಂದೇ ತಿಳಿಯುತ್ತಾರೆ. ‘ಕೋಮಾ’ ಹಾಗೆಯೇ ಇರಲಿ.

ಇನ್ನು ‘ರಿಫ್ಲೆಕ್ಸ್’. ಮನೆಯವರು ಹೆಚ್ಚು ಎಡವುವುದು ಇಲ್ಲಿಯೇ ಆದ್ದರಿಂದ ಈ ಪದದ ಬಗ್ಗೆ ನನಗೆ ಹೆಚ್ಚಿನ ಕಾಳಜಿ. ಮಲಗಿದವರ ಅಂಗೈಯಲ್ಲಿ ಬೆರಳಿಟ್ಟು ಮೆಲ್ಲಗೆ ಎಳೆದರೆ ಅವರ ಬೆರಳುಗಳು ಮಡಚಿಕೊಂಡು ಅದನ್ನು ಹಿಡಿಯಬಹುದು. ಹುಟ್ಟಿದ ಕೂಸಿನಲ್ಲಿ ಎಲ್ಲರೂ ನೋಡಿರುವ, ಆರು ತಿಂಗಳ ಹೊತ್ತಿಗೆ ಮರೆಯಾಗುವ ಈ ಹಿಡಿತ, ಮಿದುಳಿನ ಮುಂಭಾಗಕ್ಕೆ ಪೆಟ್ಟು ಬಿದ್ದಾಗ ದೊಡ್ಡವರಲ್ಲಿಯೂ ಮರಳಿ ಕಾಣಿಸಿಕೊಳ್ಳುತ್ತದೆ. “ಕೈ ಹಿಡದಾನ್ರೀ, ಗುರುತು ಹಿಡದಾನ” ಎಂದು ಹೆಂಡತಿ ಕಣ್ಣೀರು ತುಂಬಿ ಹೇಳುವಾಗ, ಅದು ಗುರುತಲ್ಲ ಎಂದು ತಿಳಿಸಲು ದಾದಿಯ ಬಳಿ ಒಂದು ಮೃದುವಾದ, ಸರಿಯಾದ ಪದ ಇರಬೇಕು. ಶಾಲೆಯ ಪುಸ್ತಕದ ‘ಪರಾವರ್ತಿತ ಕ್ರಿಯೆ’ ಶಾಸ್ತ್ರೀಯವಾಗಿ ಸರಿಯಿದ್ದರೂ ಹತ್ತನೆಯ ತರಗತಿಯ ಆಚೆ ಬದುಕಿಲ್ಲ. ‘ಅನೈಚ್ಛಿಕ ಕ್ರಿಯೆ’ ತೀರ ವಿಶಾಲವಾಯಿತು. ಹೃದಯದ ಬಡಿತವೂ ಅದರಲ್ಲಿ ಸೇರಿಬಿಡುತ್ತದೆ. ‘ಪ್ರತಿಕ್ರಿಯೆ’ ಮತ್ತು ‘ಸ್ಪಂದನೆ’ ಅಪಾಯಕಾರಿ. ಸ್ಪಂದನೆಯ ಮೂಲ ಅರ್ಥ ಮಿಡಿತವೇ ಆಗಿದ್ದರೂ, ‘ಚಿಕಿತ್ಸೆಗೆ ಸ್ಪಂದಿಸುತ್ತಿದ್ದಾರೆ’ ಎಂಬ ಮಾತಿನಿಂದಾಗಿ ಅದಕ್ಕೆ ಈಗ ಭರವಸೆಯ ಬಣ್ಣ ಹತ್ತಿದೆ. ಮಂಡಿಯ ಕೆಳಗಿನ ಸ್ನಾಯುರಜ್ಜುವಿಗೆ ಸುತ್ತಿಗೆ ತಾಗಿದಾಗ ಕಾಲು ಜಿಗಿಯುವುದು ಮಿದುಳಿನ ಅಪ್ಪಣೆಯಿಂದಲ್ಲ. ಸುದ್ದಿ ಬೆನ್ನುಹುರಿಯ ಸೊಂಟದ ಭಾಗಕ್ಕೆ ಹೋಗಿ, ಎರಡು ನರಕೋಶಗಳು ಕೂಡುವ ಒಂದೇ ನರಸಂಧಿಯನ್ನು ದಾಟಿ, ತೊಡೆಯ ಸ್ನಾಯುವಿಗೆ ಮರಳುತ್ತದೆ.

ಈ ‘ಹೋಗಿ ಮರಳುವ’ ಭಾವ ಇರುವುದರಿಂದ ‘ಪ್ರತಿವರ್ತನೆ’ ಎಂಬ ಪದವನ್ನು ನಾನು ಒಪ್ಪುತ್ತೇನೆ. ಮೊದಲ ಸಲ ಬಂದಾಗ ‘ತನ್ನಿಂತಾನೇ ಆಗುವ’ ಎಂಬ ವಿಶೇಷಣ ಸೇರಿಸಿದರೆ ಅರ್ಥ ಕೆಡುವುದಿಲ್ಲ. ಎಲ್ಲ ಪ್ರತಿವರ್ತನೆಗಳ ಬೆಲೆ ಒಂದೇ ಅಲ್ಲ ಎಂಬುದನ್ನೂ ಅಲ್ಲಿ ಹೇಳಬೇಕಾಗಿದೆ. ಬೆಳಕು ಬಿದ್ದಾಗ ಕಣ್ಣಪಾಪೆ ಕಿರಿದಾಗುವುದು, ಕಣ್ಣಿನ ಕರಿಗುಡ್ಡೆಗೆ ಹತ್ತಿಯ ಎಳೆ ತಾಗಿದಾಗ ರೆಪ್ಪೆ ಮುಚ್ಚುವುದು, ಗಂಟಲು ಮುಟ್ಟಿದಾಗ ಓಕರಿಕೆ ಬರುವುದು ಮಿದುಳುಕಾಂಡದ ಬೇರೆ ಬೇರೆ ಅಂತಸ್ತುಗಳಿಗೆ ಸೇರಿದವು. ಇವೆಲ್ಲವೂ ಇಲ್ಲವಾಗಿ, ಉಸಿರಾಟದ ಪ್ರೇರಣೆಯೂ ನಿಂತಿದೆಯೆಂದು ನಾಲ್ವರು ವೈದ್ಯರ ಮಂಡಳಿ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಖಚಿತಪಡಿಸಿದರೆ, ಅಂಗಾಂಗ ಕಸಿಗೆ ಸಂಬಂಧಿಸಿದ 1994ರ ಕಾಯ್ದೆಯ ಪ್ರಕಾರ ಅದು ಸಾವು. ಆಗಲೂ ಬೆನ್ನುಹುರಿಯ ಪ್ರತಿವರ್ತನೆಯಿಂದ ಕೈ ಅಲುಗಬಹುದು. ಪತ್ರಿಕೆಗಳು ಈ ಸಾವನ್ನು ‘ಮಿದುಳು ನಿಷ್ಕ್ರಿಯ’ ಎಂದು ಬರೆಯುತ್ತವೆ. ನಿಷ್ಕ್ರಿಯವಾದದ್ದು ಮತ್ತೆ ಸಕ್ರಿಯವಾದೀತೆಂಬ ಆಸೆ ಆ ಪದದೊಳಗೇ ಇದೆ. ‘ಮಿದುಳುಕಾಂಡದ ಸಾವು’ ಕಠೋರವೆನಿಸಿದರೂ ಅದೇ ಇರಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ನನಗೆ ಬಗೆಹರಿಯದೆ ಉಳಿದಿರುವುದು 2002ರಲ್ಲಿ ಪ್ರತ್ಯೇಕವಾಗಿ ಗುರುತಿಸಲಾದ, ಇಂಗ್ಲಿಷಿನಲ್ಲಿ ‘ಮಿನಿಮಲಿ ಕಾನ್ಷಸ್ ಸ್ಟೇಟ್’ ಎನ್ನುವ ಸ್ಥಿತಿಯ ಹೆಸರು. ರೋಗಿಯ ಮುಖದ ಮುಂದೆ ಕನ್ನಡಿ ಹಿಡಿದು ನಿಧಾನವಾಗಿ ಸರಿಸಿದರೆ ಕಣ್ಣು ಅದನ್ನು ಹಿಂಬಾಲಿಸುತ್ತದೆ. ಮುಂಜಾನೆ ‘ಕೈ ಎತ್ತು’ ಎಂದರೆ ಎತ್ತುತ್ತಾರೆ, ಸಂಜೆ ಅದೇ ಮಾತಿಗೆ ಏನೂ ಇಲ್ಲ. ‘ಕನಿಷ್ಠ ಪ್ರಜ್ಞೆ’ ಎಂಬ ಪದ ಪ್ರಮಾಣವನ್ನು ಹೇಳುತ್ತದೆಯೇ ಹೊರತು ಈ ಬರುವ-ಹೋಗುವ ಗುಣವನ್ನು ಹೇಳುವುದಿಲ್ಲ. ‘ಬಿಟ್ಟು ಬಿಟ್ಟು ಬರುವ ಅರಿವು’ ಎಂದು ತಾತ್ಕಾಲಿಕವಾಗಿ ಬರೆದಿಟ್ಟಿದ್ದೇವೆ, ಆದರೆ ಅದು ಪದವಲ್ಲ, ವಿವರಣೆ. ರೋಣ, ಮುಂಡರಗಿ, ರಾಣೆಬೆನ್ನೂರು, ಶಿಗ್ಗಾಂವಿ ಕಡೆಯವರು ಕಾಯಿಲೆ ಬಿದ್ದ ಹಿರಿಯರ ಬಗ್ಗೆ ಹೇಳುವಾಗ ಹೀಗೆ ಬಂದು ಹೋಗುವ ತಿಳಿವಿಗೆ ಯಾವ ಮಾತನ್ನು ಬಳಸುತ್ತಾರೆ, ಜೋಂಪು ಮತ್ತು ಮಂಪರುಗಳ ನಡುವೆ ಅವರು ಭೇದ ಮಾಡುತ್ತಾರೆಯೇ ಎಂಬುದನ್ನು ಬಲ್ಲವರು ಬಳಕೆಯ ವಾಕ್ಯದೊಂದಿಗೆ ದಯವಿಟ್ಟು ತಿಳಿಸಬೇಕು.