ಆರು ವಾರದ ಬೇಸಿಗೆ ಸಂಶೋಧನೆ: ಲ್ಯಾಬ್ ಸಿಗೋದು ಹೇಗೆ, ಸಿಕ್ಕ ಮೇಲೆ ಯಾವ ಪ್ರಶ್ನೆ ಹಿಡಿಯೋದು?

ಕೇಳಿದ್ದು:
ಮಗಳು 11ನೇ ತರಗತಿ. ಬೇಸಿಗೆ ರಜೆಯಲ್ಲಿ ಆರು ವಾರ ಯಾವುದಾದರೂ ಸಂಶೋಧನಾ ಲ್ಯಾಬ್‌ನಲ್ಲಿ ಇಂಟರ್ನ್‌ಶಿಪ್ ಮಾಡಬೇಕು ಅಂತಾಳೆ. ಜೀವಶಾಸ್ತ್ರ ಇಷ್ಟ, ಪೈಥಾನ್ ಅಲ್ಪಸ್ವಲ್ಪ ಬರುತ್ತೆ. ಪ್ರೊಫೆಸರ್‌ಗಳಿಗೆ ಮೇಲ್ ಹಾಕಿದರೆ ಉತ್ತರವೇ ಇಲ್ಲ. ದುಡ್ಡು ಕಟ್ಟಿದರೆ ‘ಪೇಪರ್ ಗ್ಯಾರಂಟಿ’ ಅನ್ನುವ ಕಾರ್ಯಕ್ರಮಗಳೂ ಕಣ್ಣಿಗೆ ಬೀಳ್ತಿವೆ. ತಿಳಿದವರು ಹೇಳಿ.

ಉತ್ತರ 1:
ಮೇಲ್ ಕಳಿಸಿದ್ದು ಯಾವಾಗ? ರಜೆಗೆ ಒಂದು ತಿಂಗಳಿದೆ ಅನ್ನುವಾಗ ಕಳಿಸಿದ್ದರೆ ಉತ್ತರ ಬರದಿರುವುದೇ ಸಹಜ. 18 ತುಂಬದವರನ್ನು ಲ್ಯಾಬ್‌ಗೆ ಬಿಟ್ಟುಕೊಳ್ಳಲು ಪೋಷಕರ ಒಪ್ಪಿಗೆ ಪತ್ರ, ಸುರಕ್ಷತಾ ತರಬೇತಿ, ಕೆಲವು ಕಡೆ ವಿಮೆ, ಮೇಲಿಂದ ಸಂಸ್ಥೆಯ ಅನುಮತಿ ಎಲ್ಲ ಬೇಕು. ಈ ಕಾಗದಪತ್ರಕ್ಕೇ ವಾರಗಟ್ಟಲೆ ಹಿಡಿಯುತ್ತೆ. ಐದಾರು ತಿಂಗಳು ಮೊದಲೇ ಬರೆಯಬೇಕು.

ಯಾರಿಗೆ ಬರೆಯೋದು ಅನ್ನೋದು ಎರಡನೆಯದು. ಹೆಸರಾಂತ ಹಿರಿಯರಿಗಿಂತ, ಲ್ಯಾಬ್ ಶುರುಮಾಡಿ ಮೂರ್ನಾಲ್ಕು ವರ್ಷವಾದ ಸಹಾಯಕ ಪ್ರಾಧ್ಯಾಪಕರು ಉತ್ತರ ಕೊಡುವ ಸಾಧ್ಯತೆ ಹೆಚ್ಚು. ಲ್ಯಾಬ್‌ನ ವೆಬ್‌ಸೈಟಿನಲ್ಲಿ ಯಾರ‍್ಯಾರು ಇದ್ದಾರೆ ನೋಡಿ. ಪದವಿ ವಿದ್ಯಾರ್ಥಿಗಳ ಹೆಸರಿದ್ದರೆ ಅಲ್ಲಿ ಹೊಸಬರಿಗೆ ಕಲಿಸುವ ರೂಢಿ ಇದೆ ಅಂತ ಅರ್ಥ. ದಿನವೂ ಪಕ್ಕದಲ್ಲಿ ನಿಂತು ಕಲಿಸುವವರು ಪ್ರೊಫೆಸರ್ ಅಲ್ಲ, ಪಿಎಚ್‌ಡಿ ವಿದ್ಯಾರ್ಥಿ ಇಲ್ಲವೇ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿ ಅಲ್ಲೇ ಸಂಶೋಧನೆ ಮಾಡುವವರು). ಅವರಿಗೆ ಬಿಡುವಿಲ್ಲದಿದ್ದರೆ ಪ್ರೊಫೆಸರ್ ಒಪ್ಪಿದರೂ ಪ್ರಯೋಜನವಿಲ್ಲ.

ಪತ್ರ 150–200 ಪದ ಮೀರಬಾರದು. ‘ನಿಮ್ಮ ಅದ್ಭುತ ಸಂಶೋಧನೆ ನೋಡಿ ಸ್ಫೂರ್ತಿ ಬಂತು’ ಅಂತ ಶುರುವಾದರೆ ಐವತ್ತು ಜನಕ್ಕೆ ಹೋದ ಪತ್ರ ಅಂತ ಮೊದಲ ಸಾಲಿಗೇ ಗೊತ್ತಾಗುತ್ತೆ. ಅವರ ಒಂದೇ ಒಂದು ಪೇಪರ್ ಪೂರ್ತಿ ಓದಿ, ಅದರೊಳಗಿಂದ ಒಂದು ಪ್ರಶ್ನೆ ಎತ್ತಲಿ. ಹೀಗೆ: ‘3ನೇ ಚಿತ್ರದಲ್ಲಿ 29 ಡಿಗ್ರಿಯಲ್ಲಿ ಬೆಳೆದ ನೊಣಗಳ ರೆಕ್ಕೆ ಚಿಕ್ಕದಾಗಿದೆ. ಅಳೆದದ್ದು ಉದ್ದವೋ, ವಿಸ್ತೀರ್ಣವೋ? ಇಮೇಜ್‌ಜೆ ತಂತ್ರಾಂಶದಲ್ಲಿ ನಾನೂ 20 ರೆಕ್ಕೆಯ ಚಿತ್ರ ಅಳೆದು ನೋಡಿದೆ.’ ಇದರ ಜೊತೆಗೆ ಎಷ್ಟು ವಾರ, ವಾರಕ್ಕೆ ಎಷ್ಟು ಗಂಟೆ, ಯಾವ ತಾರೀಖಿನಿಂದ, ಈಗಾಗಲೇ ಏನು ಬರುತ್ತೆ ಅನ್ನೋದು ಇರಲಿ. ಕೊನೆಯಲ್ಲಿ ಕೇಳಬೇಕಾದ್ದು 15 ನಿಮಿಷದ ಮಾತುಕತೆಯನ್ನು ಮಾತ್ರ. ಇಂಟರ್ನ್‌ಶಿಪ್ಪನ್ನೇ ಮೊದಲ ಪತ್ರದಲ್ಲಿ ಕೇಳಿದರೆ ‘ಇಲ್ಲ’ ಅನ್ನೋದು ಸುಲಭ. ಒಂದು ಪುಟದ ಬಯೋಡೇಟಾ ಪಿಡಿಎಫ್ ಆಗಿ ಲಗತ್ತಿಸಿ. ಹತ್ತು ದಿನ ಬಿಟ್ಟು ಒಂದು ಸಲ ನೆನಪಿಸಬಹುದು, ಎರಡನೇ ಸಲ ಬೇಡ.

ಇನ್ನೊಂದು ಮಾತು. ಪತ್ರ ಮಗಳೇ ಬರೆಯಲಿ, ಅವಳ ಐಡಿಯಿಂದಲೇ ಹೋಗಲಿ. ಅಪ್ಪ–ಅಮ್ಮ ಬರೆದ ಪತ್ರ ನೋಡಿದರೆ ಲ್ಯಾಬ್‌ನವರಿಗೆ ಮೊದಲು ಹುಟ್ಟುವುದೇ ಅನುಮಾನ.

ಉತ್ತರ 2:
ಮೇಲಿನವರು ಬಾಗಿಲು ತಟ್ಟುವ ಬಗ್ಗೆ ಹೇಳಿದ್ದಾರೆ. ಒಳಗೆ ಹೋದ ಮೇಲೆ ಹೆಚ್ಚಿನ ಮಕ್ಕಳು ಎಡವೋದು ಲೆಕ್ಕದಲ್ಲಿ. ಆರು ವಾರ ಅಂದರೆ 42 ದಿನ. ಮೊದಲ ಹತ್ತು ದಿನ ತರಬೇತಿಗೆ, ಕೊನೆಯ ಒಂದು ವಾರ ವಿಶ್ಲೇಷಣೆ ಮತ್ತು ಫಲಿತಾಂಶ ತೋರಿಸುವ ಪೋಸ್ಟರಿಗೆ. ಕೈಯಲ್ಲಿ ಉಳಿಯೋದು 25 ದಿನ. ಪ್ರಶ್ನೆ ಈ 25 ದಿನದಲ್ಲಿ ಕೂರಬೇಕು, ಅದೂ ಒಂದು ಸಲ ಕೆಟ್ಟರೆ ಮತ್ತೆ ಮಾಡಲು ಜಾಗ ಬಿಟ್ಟು.

ಅದಕ್ಕೇ ಮೊದಲು ನೋಡಬೇಕಾದ್ದು ಜೀವಿಯ ಪೀಳಿಗೆಯ ಅವಧಿ. ಅರಬಿಡಾಪ್ಸಿಸ್ ಗಿಡ ಬೀಜದಿಂದ ಬೀಜಕ್ಕೆ ಬರಲು ಸುಮಾರು ಆರು ವಾರ. ಅಲ್ಲಿಗೆ ರಜೆಯೇ ಮುಗೀತು. ಮೊಳಕೆಯ ಬೇರಿನ ಉದ್ದದಂಥ ಪ್ರಶ್ನೆಯಾದರೆ ಸರಿ, ಅದು ಒಂದೆರಡು ವಾರದ ಕೆಲಸ. ಹಣ್ಣುನೊಣ 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು 10 ದಿನ. ಆ 25 ದಿನಕ್ಕೆ ಎರಡೇ ಪೀಳಿಗೆ. ಸಿ. ಎಲೆಗನ್ಸ್ ಹುಳುವಿಗೆ ಮೂರ್ನಾಲ್ಕು ದಿನ. ಇ. ಕೋಲಿ ಬ್ಯಾಕ್ಟೀರಿಯಾ ಒಳ್ಳೆಯ ಮಾಧ್ಯಮದಲ್ಲಿ 37 ಡಿಗ್ರಿಗೆ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತೆ, ಬೆಳಿಗ್ಗೆ ಕೆಟ್ಟ ಪ್ರಯೋಗವನ್ನು ನಾಳೆಯೇ ಮತ್ತೆ ಮಾಡಬಹುದು.

ನೊಣಗಳ ತಳಿಸಂಕರ ಹಿಡಿದವರು ಶನಿವಾರ–ಭಾನುವಾರ ಸಿಕ್ಕಿಬೀಳ್ತಾರೆ. ಸಂಕರಕ್ಕೆ ಇನ್ನೂ ಕೂಡದ ಹೆಣ್ಣು ನೊಣ ಬೇಕು. 25 ಡಿಗ್ರಿಯಲ್ಲಿ ಪ್ಯೂಪದಿಂದ (ಹುಳು ನೊಣವಾಗುವ ಕೋಶದ ಹಂತ) ಹೊರಬಂದ ಸುಮಾರು 8 ಗಂಟೆಯೊಳಗೆ ಹೆಣ್ಣುಗಳನ್ನು ಬೇರೆ ಮಾಡದಿದ್ದರೆ ಅವು ಸೀಸೆಯೊಳಗೇ ಕೂಡಿಬಿಡುತ್ತವೆ. ಅಂಥವನ್ನು ಹಾಕಿದರೆ ಬರುವ ಮರಿಗಳ ಅಪ್ಪ ಯಾರು ಅಂತಲೇ ಹೇಳಲಾಗದು. ದಾರಿ ಏನೆಂದರೆ, ಸಂಜೆ ಮನೆಗೆ ಹೊರಡುವ ಮುನ್ನ ಸೀಸೆಯಲ್ಲಿರುವ ನೊಣಗಳನ್ನೆಲ್ಲ ಖಾಲಿ ಮಾಡಿ 18 ಡಿಗ್ರಿಗೆ ಇಡೋದು. ಅಲ್ಲಿ ಎಲ್ಲ ನಿಧಾನ, ಸುಮಾರು 16 ಗಂಟೆ ಅವಕಾಶ ಸಿಗುತ್ತೆ, ಮರುದಿನ ಬೆಳಿಗ್ಗೆ ಬಂದು ಆಯ್ದುಕೊಳ್ಳಬಹುದು. ಹೊಸದಾಗಿ ಹುಟ್ಟಿದ ನೊಣ ಬಿಳಿಚಿಕೊಂಡಿರುತ್ತೆ, ಹೊಟ್ಟೆಯೊಳಗೆ ಒಂದು ಕಪ್ಪು ಚುಕ್ಕೆ ಹೊರಗಿನಿಂದಲೇ ಕಾಣುತ್ತೆ. ಅದೇ ಗುರುತು.

ಪಿಪೆಟ್ (ಅತಿ ಚಿಕ್ಕ ಪ್ರಮಾಣದ ದ್ರವ ಅಳೆದು ಹಾಕುವ ಸಾಧನ) ವಿಷಯ ತರಬೇತಿಯ ಮೊದಲ ದಿನವೇ ಪರೀಕ್ಷಿಸಿಕೊಳ್ಳಿ. ತಕ್ಕಡಿಯ ಮೇಲೆ ಚಿಕ್ಕ ಬಟ್ಟಲಿಟ್ಟು 100 ಮೈಕ್ರೋಲೀಟರ್ ನೀರನ್ನು ಹತ್ತು ಸಲ ಹಾಕಿ, ಪ್ರತಿ ಸಲ ತೂಕ ಬರೆದುಕೊಳ್ಳಲಿ. ಒಂದೊಂದೂ 100 ಮಿಲಿಗ್ರಾಂ ಆಸುಪಾಸು ಬರಬೇಕು. ಒಂದು ಸಲ 94, ಇನ್ನೊಂದು ಸಲ 103 ಅಂತ ಚದುರಿದರೆ ಸಾಮಾನ್ಯವಾಗಿ ದೋಷ ಕೈಯದ್ದು. ಎಲ್ಲವೂ ಒಂದೇ ಸಮನೆ 95 ಬಂದರೆ ಪಿಪೆಟ್ಟಿನದ್ದು. ಕೈಯ ತಪ್ಪು ಹೆಚ್ಚಾಗಿ ಇಷ್ಟೇ: ದ್ರವ ಎಳೆದುಕೊಳ್ಳುವಾಗಲೇ ಗುಂಡಿಯನ್ನು ಎರಡನೇ ತಡೆಯವರೆಗೆ (ಅದು ದ್ರವ ಪೂರ್ತಿ ಹೊರಹಾಕಲು ಮಾತ್ರ) ಒತ್ತಿರೋದು, ಗುಂಡಿಯನ್ನು ಫಟ್ಟನೆ ಬಿಟ್ಟು ಗುಳ್ಳೆ ಎಬ್ಬಿಸೋದು, ತುದಿಯನ್ನು ದ್ರವದಲ್ಲಿ ತೀರಾ ಆಳಕ್ಕೆ ಅದ್ದೋದು. ಎರಡು–ಮೂರು ಮಿಲಿಮೀಟರ್ ಮುಳುಗಿದರೆ ಸಾಕು.

ಪಿಸಿಆರ್ (ಡಿಎನ್‌ಎಯ ಒಂದು ತುಂಡಿನ ಲಕ್ಷಗಟ್ಟಲೆ ಪ್ರತಿ ಮಾಡುವ ವಿಧಾನ) ಮಾಡುವುದಿದ್ದರೆ ಡಿಎನ್‌ಎ ಬದಲು ನೀರು ಹಾಕಿದ ಒಂದು ಟ್ಯೂಬ್ ಪ್ರತಿ ಸಲವೂ ಇರಲೇಬೇಕು. ಜೆಲ್‌ನಲ್ಲಿ (ಡಿಎನ್‌ಎ ತುಂಡುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಪದರ) ನೀರಿನ ಟ್ಯೂಬಿಗೂ ನಿಮ್ಮ ಡಿಎನ್‌ಎಯ ಗೆರೆಯೇ ಕಂಡರೆ ಎಲ್ಲೋ ಡಿಎನ್‌ಎ ಬೆರೆತಿದೆ, ಆ ದಿನದ ಫಲಿತಾಂಶ ಪೂರ್ತಿ ಕೈಬಿಡಬೇಕು. ಎಂಟು ಟ್ಯೂಬಿಗೆ ಮಿಶ್ರಣ ಮಾಡುವಾಗ ಒಂಬತ್ತಕ್ಕೆ ಲೆಕ್ಕ ಹಾಕಿ, ಕೊನೆಯ ಟ್ಯೂಬಿಗೆ ಸಾಲದೆ ಬರೋದು ಮಾಮೂಲು.

ಮತ್ತೆ ಕೇಳಿದ್ದು:
ಧನ್ಯವಾದ. ಹಾಗಾದರೆ ಅವಳು ನೊಣ ಹಿಡಿಯೋದೇ ಬೇಡವೇ? ಅವಳಿಗೆ ಸಿಗಬಹುದಾದ ಲ್ಯಾಬ್ ನೊಣಗಳದ್ದೇ.

ಉತ್ತರ 2, ಮುಂದುವರಿಕೆ:
ಬೇಡ ಅಂದಿಲ್ಲ ಮೇಡಂ, ಸಂಕರ ಬೇಡ ಅಂದೆ. ಒಂದೇ ಪೀಳಿಗೆಯಲ್ಲಿ ಮುಗಿಯುವ ಪ್ರಶ್ನೆ ಹಿಡಿಯಲಿ. ಬೆಳೆಯುವ ಉಷ್ಣತೆಗೂ ರೆಕ್ಕೆಯ ಗಾತ್ರಕ್ಕೂ ಇರುವ ನಂಟು ಒಳ್ಳೆಯ ಉದಾಹರಣೆ: ಬಿಸಿಯಲ್ಲಿ ಬೆಳೆದವು ಚಿಕ್ಕವಾಗುತ್ತವೆ ಅಂತ ಮೊದಲೇ ಗೊತ್ತಿದೆ. ಹಾಗಾಗಿ ತನ್ನ ಅಳತೆ ಸರಿಯಿದೆಯೇ ಅಂತ ಅದನ್ನು ಹಿಡಿದು ನೋಡಿಕೊಳ್ಳಬಹುದು. ಆಮೇಲೆ ಆಹಾರವನ್ನೋ ತಳಿಯನ್ನೋ ಬದಲಿಸಿ ಹೊಸ ಪ್ರಶ್ನೆ ಸೇರಿಸಬಹುದು.

ಇದರಲ್ಲಿ ಎಡವಿ ಬೀಳುವ ಜಾಗ ಮೂರಿವೆ. ಹೆಣ್ಣು ನೊಣ ಗಂಡಿಗಿಂತ ದೊಡ್ಡದು, ಎರಡನ್ನೂ ಬೆರೆಸಿ ಅಳೆದರೆ ಉಷ್ಣತೆಯ ವ್ಯತ್ಯಾಸ ಅದರಲ್ಲೇ ಮುಚ್ಚಿಹೋಗುತ್ತೆ. ಸೀಸೆಯಲ್ಲಿ ಮರಿಗಳು ಕಿಕ್ಕಿರಿದರೆ ಆಹಾರ ಸಾಲದೆ ಅವೂ ಚಿಕ್ಕವಾಗುತ್ತವೆ. ಆದ್ದರಿಂದ ಮೊಟ್ಟೆ ಎಣಿಸಿ ಹಾಕಬೇಕು, ಸೀಸೆಗೆ 50 ಅಂತಿಟ್ಟುಕೊಳ್ಳಿ. ಮೂರನೆಯದನ್ನು ಪೋಸ್ಟರ್ ನೋಡುವ ಪರೀಕ್ಷಕರು ಖಂಡಿತ ಕೇಳ್ತಾರೆ: ಒಂದೇ ಸೀಸೆಯಿಂದ 30 ನೊಣ ಅಳೆದು ‘ಮಾದರಿ 30’ ಅನ್ನುವ ಹಾಗಿಲ್ಲ. ಅವೆಲ್ಲ ಒಂದೇ ಆಹಾರ, ಒಂದೇ ಮೂಲೆಯ ಉಷ್ಣತೆಯಲ್ಲಿ ಬೆಳೆದವು, ಒಂದಕ್ಕೊಂದು ಸ್ವತಂತ್ರವಲ್ಲ. ಪ್ರತಿ ಉಷ್ಣತೆಗೆ ಐದು ಸೀಸೆ, ಒಂದೊಂದರಿಂದ ಆರು ಹೆಣ್ಣು ನೊಣ, ಮೊದಲು ಸೀಸೆಯ ಸರಾಸರಿ, ಆಮೇಲೆ ಹೋಲಿಕೆ. ಅಳೆಯುವ ಮುನ್ನ ಚಿತ್ರದ ಕಡತಗಳ ಹೆಸರನ್ನು ಬೇರೆಯವರಿಂದ ಬದಲಿಸಿ. ಯಾವುದು ಬಿಸಿಯದ್ದು ಅಂತ ಗೊತ್ತಿದ್ದರೆ ಕೈ ತಾನಾಗಿಯೇ ಅತ್ತ ವಾಲುತ್ತೆ.

ಉತ್ತರ 3:
ಪೈಥಾನ್ ಬರುತ್ತೆ ಅಂದಿರಲ್ಲ, ಲ್ಯಾಬ್ ಸಿಗದಿದ್ದರೂ ದತ್ತಾಂಶದ ಕೆಲಸ ಮಾಡಬಹುದು. ಜೆನ್‌ಬ್ಯಾಂಕ್ (ಡಿಎನ್‌ಎ ಅನುಕ್ರಮಗಳು), ಪ್ರೋಟೀನ್ ಡೇಟಾ ಬ್ಯಾಂಕ್ (ಪ್ರೋಟೀನ್‌ಗಳ ರಚನೆ), ನಾಸಾದ ಎಕ್ಸೋಪ್ಲಾನೆಟ್ ಆರ್ಕೈವ್ (ಬೇರೆ ನಕ್ಷತ್ರಗಳ ಗ್ರಹಗಳು) ಎಲ್ಲರಿಗೂ ತೆರೆದಿರುವ ದತ್ತಾಂಶ ಸಂಗ್ರಹಗಳು. ವಯಸ್ಸಿನ ತಕರಾರೂ ಇಲ್ಲ, ರಾಸಾಯನಿಕದ ಭಯವೂ ಇಲ್ಲ.

ಆದರೆ ಮಷಿನ್ ಲರ್ನಿಂಗ್ ಮಾಡುವ ಮಕ್ಕಳು ‘99% ನಿಖರತೆ’ ಅಂತ ಕುಣಿದಾಡಿದರೆ ಮೊದಲು ಸೋರಿಕೆ ಹುಡುಕಿ, ಅಂದರೆ ಪರೀಕ್ಷೆಯ ದತ್ತಾಂಶ ತರಬೇತಿಯಲ್ಲೇ ನುಸುಳಿದೆಯೇ ನೋಡಿ. ಚರ್ಮದ ಚಿತ್ರ ನೋಡಿ ರೋಗ ಗುರುತಿಸಲು ಕಲಿಯುವ ಮಾದರಿ (ಕಂಪ್ಯೂಟರ್ ಮಾಡೆಲ್) ಅಂದುಕೊಳ್ಳಿ. ಒಬ್ಬರೇ ರೋಗಿಯ ನಾಲ್ಕು ಚಿತ್ರಗಳಲ್ಲಿ ಮೂರು ತರಬೇತಿಗೆ, ಒಂದು ಪರೀಕ್ಷೆಗೆ ಹೋದರೆ ಮಾದರಿ ರೋಗವನ್ನಲ್ಲ, ರೋಗಿಯನ್ನು ಗುರುತು ಹಿಡಿಯುತ್ತೆ. ಹಂಚುವಾಗ ಚಿತ್ರದ ಲೆಕ್ಕದಲ್ಲಿ ಹಂಚದೆ ರೋಗಿಯ ಲೆಕ್ಕದಲ್ಲಿ ಹಂಚಬೇಕು. ತಿರುಗಿಸಿ, ಮಗುಚಿ ಚಿತ್ರಗಳನ್ನು ಹೆಚ್ಚಿಸುವ ಕೆಲಸ ಹಂಚಿದ ಮೇಲೆ, ಅದೂ ತರಬೇತಿಯ ಭಾಗಕ್ಕೆ ಮಾತ್ರ. ಮೂಲ ದತ್ತಾಂಶದ ಕಡತವನ್ನು ಓದಲು ಮಾತ್ರ ಬರುವಂತೆ ಬೀಗ ಹಾಕಿ ಇಡಲಿ. ಎಕ್ಸೆಲ್‌ನಲ್ಲಿ ತೆರೆದು ‘ಸ್ವಲ್ಪ ಸರಿಮಾಡಿದೆ’ ಅಂದರೆ ಆಮೇಲೆ ಯಾವುದು ಮೂಲ ಅಂತ ಯಾರಿಗೂ ಗೊತ್ತಾಗಲ್ಲ.

ಉತ್ತರ 4:
ಕಾರ್ಯಕ್ರಮಗಳ ಬಗ್ಗೆ. ಅಮೆರಿಕದ ಎಂಐಟಿಯಲ್ಲಿ ನಡೆಯುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್ 1984ರಲ್ಲಿ ಶುರುವಾದದ್ದು. ಆಯ್ಕೆಯಾದವರಿಗೆ ಕಾರ್ಯಕ್ರಮದ ಶುಲ್ಕವಿಲ್ಲ, ಪೈಪೋಟಿ ವಿಪರೀತ. ಅದಕ್ಕಿಂತ ಹಳೆಯದು 1959ರ ಸಮ್ಮರ್ ಸೈನ್ಸ್ ಪ್ರೋಗ್ರಾಂ. ಅದರ ಖಗೋಳ ವಿಭಾಗದಲ್ಲಿ ಮಕ್ಕಳು ಭೂಮಿಯ ಸಮೀಪಕ್ಕೆ ಬರುವ ಒಂದು ಕ್ಷುದ್ರಗ್ರಹವನ್ನು ದೂರದರ್ಶಕದಲ್ಲಿ ಚಿತ್ರೀಕರಿಸಿ ಅದರ ಕಕ್ಷೆ ಲೆಕ್ಕ ಹಾಕ್ತಾರೆ. ಅಂಥ ಕೆಲಸವನ್ನು ಬೇರೆಲ್ಲಿ ಮಾಡಿದರೂ ಒಂದು ಎಚ್ಚರ ಬೇಕು: ಚಿತ್ರದ ಸಮಯ ಅಂದರೆ ಕ್ಯಾಮೆರಾ ತೆರೆದ ಕ್ಷಣವಲ್ಲ, ತೆರೆದಿದ್ದ ಅವಧಿಯ ನಡುವಿನ ಕ್ಷಣ. 30 ಸೆಕೆಂಡಿನ ಚಿತ್ರಕ್ಕೆ ಶುರುವಿನ ಸಮಯ ಹಾಕಿದರೆ 15 ಸೆಕೆಂಡ್ ತಪ್ಪು. ನಿಮಿಷಕ್ಕೆ 3 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ) ಸರಿಯುವ ಕಾಯವಾದರೆ ಸ್ಥಾನ ಮುಕ್ಕಾಲು ಆರ್ಕ್‌ಸೆಕೆಂಡ್ ಪಕ್ಕಕ್ಕೆ ಹೋಗುತ್ತೆ.

‘ಪೇಪರ್ ಗ್ಯಾರಂಟಿ’ಯವರ ವಿಷಯದಲ್ಲಿ ನನ್ನ ಅಭಿಪ್ರಾಯ ನೇರ: ಫಲಿತಾಂಶ ಬರುವ ಮುನ್ನವೇ ಪ್ರಕಟಣೆಗೆ ಗ್ಯಾರಂಟಿ ಕೊಡುವವರು ಮಾರುತ್ತಿರೋದು ಸಂಶೋಧನೆಯಲ್ಲ. ದುಡ್ಡು ಕಟ್ಟುವ ಕಾರ್ಯಕ್ರಮಗಳೆಲ್ಲ ಮೋಸ ಅಂತಲ್ಲ. ಒಬ್ಬ ಮಾರ್ಗದರ್ಶಕರಿಗೆ ಎಷ್ಟು ಮಕ್ಕಳು, ಅವರ ಹೆಸರು ಮೊದಲೇ ಹೇಳ್ತಾರೋ ಇಲ್ಲವೋ, ವಾರಕ್ಕೆ ಎಷ್ಟು ಗಂಟೆ ಸಿಗ್ತಾರೆ, ಯಾವ ಪತ್ರಿಕೆ ಅಂತ ಕೇಳಿ ನೋಡಿ. ಕೊನೆಯದಕ್ಕೆ ತಡವರಿಸಿದರೆ ಬಿಡಿ.

ಮುಂದೆ ಐಸೆಫ್‌ನಂಥ (ಶಾಲಾ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಸ್ಪರ್ಧೆ) ವಿಜ್ಞಾನ ಮೇಳಕ್ಕೆ ಕಳಿಸುವ ಯೋಚನೆ ಇದ್ದರೆ ಕಾಗದ ಈಗಲೇ ಶುರು. ಮನುಷ್ಯರ ಮೇಲೆ, ಅಂದರೆ ಪ್ರಶ್ನಾವಳಿ ಸಮೀಕ್ಷೆಗೂ, ಮತ್ತು ಬೆನ್ನುಮೂಳೆಯ ಪ್ರಾಣಿಗಳ ಮೇಲೆ ಮಾಡುವ ಕೆಲಸಕ್ಕೆ ಸಮಿತಿಯ ಒಪ್ಪಿಗೆ ಪ್ರಯೋಗಕ್ಕೆ ಮೊದಲೇ ಆಗಿರಬೇಕು, ಆಮೇಲೆ ತಂದರೆ ನಡೆಯಲ್ಲ. ಬ್ಯಾಕ್ಟೀರಿಯಾವನ್ನು ಮನೆಯಲ್ಲಿ ಬೆಳೆಸುವಂತಿಲ್ಲ. ಲ್ಯಾಬ್‌ನಲ್ಲಿ ಮಾಡಿದ ಕೆಲಸಕ್ಕೆ 1ಸಿ ಅನ್ನುವ ಫಾರಂ ಇದೆ. ವಿದ್ಯಾರ್ಥಿ ತಾನೇ ಏನು ಮಾಡಿದಳು, ಯಾವುದರಲ್ಲಿ ಸಹಾಯ ಸಿಕ್ಕಿತು ಅಂತ ಲ್ಯಾಬ್‌ನ ಮೇಲ್ವಿಚಾರಕರು ಪ್ರಯೋಗ ಮುಗಿದ ಮೇಲೆ ತುಂಬಿ ಸಹಿ ಹಾಕಬೇಕು. ಕೊನೆಯ ವಾರದಲ್ಲೇ ಸಹಿ ಮಾಡಿಸಿಕೊಳ್ಳಿ. ಪೋಸ್ಟ್‌ಡಾಕ್ ಬೇರೆ ದೇಶಕ್ಕೆ ಹೊರಟುಹೋದ ಮೇಲೆ ಆ ಸಹಿಗೆ ಅಲೆಯೋದು ಬಲು ಕಷ್ಟ.